ಬೆಳಗಾವಿಯಿಂದ ದೆಹಲಿಗೆ ಓದಲು ಹೋಗುವ ಮಗಳ ಪ್ರಯಾಣದ ಖರ್ಚನ್ನು ಅಂದಾಜಿಸುವುದು ಹೇಗೆ?

ಮಗಳಿಗೆ ದೆಹಲಿಯಲ್ಲಿ ಸೀಟು ಸಿಕ್ಕಿದೆ, ಬೆಳಗಾವಿಯಿಂದ ಹೋಗಿಬರುವುದಕ್ಕೆ ವರ್ಷಕ್ಕೆ ಎಷ್ಟು ಹಣ ಎತ್ತಿಡಬೇಕು ಎಂದು ಕೇಳಿದ್ದೀರಿ. ನನ್ನ ಮಗ ಅಲ್ಲಿಯೇ ಪದವಿ ಓದಿದವನು. ಒಂದು ಟಿಕೆಟಿನ ದರವನ್ನು ಪ್ರಯಾಣಗಳ ಸಂಖ್ಯೆಯಿಂದ ಗುಣಿಸಿದರೆ ಸಿಗುವ ಮೊತ್ತವನ್ನು ನಂಬಬೇಡಿ. ಕಾಲೇಜಿನ ವೇಳಾಪಟ್ಟಿಯನ್ನು ಮುಂದಿಟ್ಟುಕೊಂಡು, ಯಾವ ದಿನಾಂಕಗಳು ಖಚಿತ, ಯಾವುವು ಅಲ್ಲ ಎಂದು ಮೊದಲು ವಿಂಗಡಿಸಿಕೊಳ್ಳಿ.

ಬೆಳಗಾವಿಯಿಂದ ಗೋವಾ ಎಕ್ಸ್‌ಪ್ರೆಸ್ ರೈಲು ನೇರವಾಗಿ ದೆಹಲಿಯ ಹಜರತ್ ನಿಜಾಮುದ್ದೀನ್ ನಿಲ್ದಾಣ ತಲುಪುತ್ತದೆ. 2024ರ ನವೆಂಬರ್‌ನಿಂದ ರೈಲ್ವೆಯ ಮುಂಗಡ ಬುಕಿಂಗ್ ಅವಧಿ 120 ದಿನಗಳಿಂದ 60ಕ್ಕೆ ಇಳಿದಿರುವುದರಿಂದ, ದೀಪಾವಳಿಯ ಟಿಕೆಟಿನ ಹಣ ಎರಡು ತಿಂಗಳು ಮೊದಲೇ ಕೈಯಲ್ಲಿರಬೇಕು. ಸೆಮಿಸ್ಟರ್ ಪರೀಕ್ಷೆಯ ದಿನಾಂಕಗಳು ಮಾತ್ರ ಅಷ್ಟು ಬೇಗ ಗೊತ್ತಾಗುವುದಿಲ್ಲ. ಆಗ ನಾವು ಎರಡು ಬೇರೆ ದಿನಗಳಿಗೆ ಟಿಕೆಟ್ ಮಾಡಿಸಿ, ವೇಳಾಪಟ್ಟಿ ಬಂದ ಕೂಡಲೇ ಒಂದನ್ನು ರದ್ದುಪಡಿಸುತ್ತಿದ್ದೆವು. ರದ್ದತಿಯ ಕಡಿತವನ್ನು ನಷ್ಟವೆಂದು ಕೊರಗದೆ ಖರ್ಚಿನ ಪಟ್ಟಿಯಲ್ಲೇ ಸೇರಿಸಿಬಿಡಿ; ಕೊನೆಯ ಗಳಿಗೆಯ ತತ್ಕಾಲ್‌ಗೆ ಹೋಲಿಸಿದರೆ ಅದು ಅಗ್ಗ, ಏಕೆಂದರೆ ಖಚಿತಗೊಂಡ ತತ್ಕಾಲ್ ಟಿಕೆಟನ್ನು ರದ್ದುಮಾಡಿದರೆ ಹಣ ಮರಳುವುದಿಲ್ಲ.

ರಜೆಗೆ ಊರಿಗೆ ಬರುವ ವಿದ್ಯಾರ್ಥಿಗಳಿಗೆ ಸ್ಲೀಪರ್ ದರ್ಜೆಯ ಮೂಲ ದರದಲ್ಲಿ ಶೇ 50, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 75 ರಿಯಾಯಿತಿ ಇದೆ. ಅದಕ್ಕೆ ಕಾಲೇಜಿನ ಪ್ರಾಂಶುಪಾಲರ ಸಹಿಯುಳ್ಳ ರಿಯಾಯಿತಿ ಪತ್ರ ಬೇಕು, ಟಿಕೆಟನ್ನು ಕೌಂಟರಿನಲ್ಲೇ ಮಾಡಿಸಬೇಕು. ಹವಾನಿಯಂತ್ರಿತ ಬೋಗಿಗಾಗಲಿ ತತ್ಕಾಲ್‌ಗಾಗಲಿ ಇದು ಅನ್ವಯಿಸುವುದಿಲ್ಲ. ಮೇ ತಿಂಗಳಲ್ಲಿ ಆಗ್ರಾ, ಗ್ವಾಲಿಯರ್ ದಾಟುವಾಗಿನ ಧಗೆಯನ್ನು ಬಲ್ಲವನಾಗಿ ಹೇಳುವುದಾದರೆ, ಬೇಸಿಗೆಯ ಪ್ರಯಾಣಕ್ಕೆ ತ್ರೀ ಟಯರ್ ಎಸಿಯ ಪೂರ್ಣ ದರವನ್ನೇ ಲೆಕ್ಕ ಹಿಡಿಯಿರಿ.

ಮೊದಲ ವರ್ಷದ ಪ್ರವೇಶಕ್ಕೆ ನೀವೂ ಜೊತೆಗೆ ಹೋಗುವುದು ಖಂಡಿತ. ನಿಮ್ಮ ಹೋಗಿಬರುವ ಟಿಕೆಟ್, ಎರಡು ರಾತ್ರಿಯ ವಸತಿ, ಹಾಸಿಗೆ ಬಕೆಟ್‌ಗಳ ಖರೀದಿ ಸೇರಿ ಆ ಒಂದು ಪ್ರಯಾಣವೇ ವರ್ಷದ ಉಳಿದೆಲ್ಲಕ್ಕೆ ಸಮನಾಗಬಹುದು. ಬೇಸಿಗೆ ರಜೆಯಲ್ಲಿ ಹಾಸ್ಟೆಲ್ ಕೋಣೆಯನ್ನು ಖಾಲಿ ಮಾಡಿಸುತ್ತಾರೆಯೇ ಎಂಬುದನ್ನು ಆಗಲೇ ವಿಚಾರಿಸಿಕೊಳ್ಳಿ, ಸಾಮಾನು ಸಾಗಿಸುವ ಖರ್ಚು ಅದರ ಮೇಲೆ ನಿಂತಿದೆ. ದಾರಿಯ ಊಟ, ಆಟೋ ಬಾಡಿಗೆಗಳು ಸಣ್ಣವು.

ಇವೆಲ್ಲಕ್ಕಿಂತ ಪ್ರತ್ಯೇಕವಾಗಿ, ಒಂದು ಕಡೆಯ ವಿಮಾನ ಟಿಕೆಟಿಗೆ ಸಾಲುವಷ್ಟು ಹಣವನ್ನು ಮಗಳ ಖಾತೆಯಲ್ಲೇ ಇಡಿ. ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವೆಂದಾಗ ಅವಳು ಯಾರನ್ನೂ ಕೇಳದೆ ಹೊರಡುವಂತಿರಬೇಕು. ಇಂಡಿಗೋ, ಏರ್ ಇಂಡಿಯಾಗಳಲ್ಲಿ ವಿದ್ಯಾರ್ಥಿ ದರವಿರುವುದರಿಂದ ಕಾಲೇಜಿನ ಗುರುತಿನ ಚೀಟಿ ಅವಳ ಕೈಚೀಲದಲ್ಲಿ ಸದಾ ಇರಲಿ.