ಮುರಿದ ಹ್ಯಾಂಗರನ್ನು ವೆಲ್ಡ್ ಮಾಡಿಸಬಹುದೇ?

ಪ್ರಶ್ನೆ: ಕಲ್ಲುದಾರಿಯಲ್ಲಿ ಬಿದ್ದಾಗ ನನ್ನ ಮೌಂಟನ್ ಬೈಕಿನ ಹಿಂದಿನ ಡಿರೇಲರ್ (ಚೈನನ್ನು ಸರಿಸಿ ಗೇರ್ ಬದಲಿಸುವ ಭಾಗ) ಕೂರುವ ಹ್ಯಾಂಗರ್ ಮುರಿಯಿತು. ಫ್ರೇಮ್ ಅಲ್ಯೂಮಿನಿಯಂನದು. ವೆಲ್ಡಿಂಗ್ ಮಾಡಿಸಿದರೆ ಸಾಕೇ, ಫ್ರೇಮನ್ನೇ ಬದಲಿಸಬೇಕೇ?

ಉತ್ತರ: ಎರಡರ ಅಗತ್ಯವೂ ಬಹುಶಃ ನಿಮಗೆ ಬಾರದು. ಹೊಡೆತ ಬಿದ್ದಾಗ ಫ್ರೇಮ್ ಮತ್ತು ಡಿರೇಲರ್ ಉಳಿಯಲಿ, ತಾನು ಮೊದಲು ಬಾಗಲಿ ಅಥವಾ ಮುರಿಯಲಿ ಎಂಬ ಉದ್ದೇಶದಿಂದಲೇ ಹ್ಯಾಂಗರನ್ನು ಮೆದುವಾದ ಅಲ್ಯೂಮಿನಿಯಂನಿಂದ ಮಾಡಿ, ಒಂದೆರಡು ಸಣ್ಣ ಸ್ಕ್ರೂಗಳಿಂದಲೋ ಚಕ್ರದ ಆಕ್ಸಲ್‌ನಿಂದಲೋ ಬಿಗಿದಿರುತ್ತಾರೆ. ಹೊಸದನ್ನು ತರಿಸುವಾಗ ಮಾತ್ರ ಎಚ್ಚರವಿರಲಿ: ಅದರ ಆಕಾರ ಫ್ರೇಮಿನಿಂದ ಫ್ರೇಮಿಗೆ ಬದಲಾಗುವುದರಿಂದ, ಮುರಿದ ತುಂಡುಗಳನ್ನು ಎಸೆಯದೆ ಜೋಡಿಸಿಟ್ಟು, ರಂಧ್ರಗಳ ಅಂತರವನ್ನು ಹೋಲಿಸಿ ನೋಡಿ. ಸೈಕಲ್ ಬಿಡಿಭಾಗ ತಯಾರಿಸುವ ಸ್ರಾಮ್ ಸಂಸ್ಥೆ 2019ರಲ್ಲಿ ತಂದ ಸಾರ್ವತ್ರಿಕ ಹ್ಯಾಂಗರಿಗೆ ಹೊಂದುವ ಫ್ರೇಮ್ ನಿಮ್ಮದಾಗಿದ್ದರೆ ಈ ಹುಡುಕಾಟ ತಪ್ಪುತ್ತದೆ.

ನನಗೆ ಹೆಚ್ಚು ಚಿಂತೆಯಿರುವುದು ಫ್ರೇಮಿನ ಬಗ್ಗೆ. ಹ್ಯಾಂಗರ್ ಕೂರುವ ಜಾಗವನ್ನು ಒರೆಸಿ, ಬೆಳಕನ್ನು ಓರೆಯಾಗಿ ಹಿಡಿದು, ಚೈನ್‌ಸ್ಟೇ (ಪೆಡಲಿನ ಕಡೆಯಿಂದ ಹಿಂದಿನ ಚಕ್ರದವರೆಗೆ ಹೋಗುವ ಫ್ರೇಮಿನ ಕೊಳವೆ) ಬೆಸುಗೆಯ ಅಂಚಿನಲ್ಲಿ ಕೂದಲೆಳೆಯಂತಹ ಗೆರೆಯಿದೆಯೇ ಎಂದು ನೋಡಿ. ಉಗುರನ್ನು ಅಡ್ಡ ಎಳೆದಾಗ ತಡೆದರೆ ಅದು ಬರಿಯ ಬಣ್ಣದ ಗೀರಲ್ಲದಿರಬಹುದು. ಅಂಥ ಬಿರುಕು ಕಂಡರೆ ದಯವಿಟ್ಟು ಸವಾರಿ ನಿಲ್ಲಿಸಿ. ಉಕ್ಕಿನ ಫ್ರೇಮನ್ನು ನುರಿತವರಿಂದ ಬೆಸೆಯಿಸಬಹುದು. ಆದರೆ ಶಾಖ ಸಂಸ್ಕರಣೆಯಿಂದ ಬಲ ಪಡೆದ 6061ರಂತಹ ಅಲ್ಯೂಮಿನಿಯಂ ಮಿಶ್ರಲೋಹ, ವೆಲ್ಡಿಂಗಿನ ಕಾವಿಗೆ ಅಕ್ಕಪಕ್ಕದಲ್ಲೆಲ್ಲ ಮೆದುವಾಗುತ್ತದೆ, ಮತ್ತೆ ಸಂಸ್ಕರಿಸದೆ ಮೊದಲಿನ ಬಲ ಬಾರದು.

ಹೊಸ ಹ್ಯಾಂಗರ್ ಕೂರಿಸಿದ ಮೇಲೆ ಅಲೈನ್‌ಮೆಂಟ್ ಗೇಜ್‌ನಿಂದ ನೇರ ಮಾಡಿಸಿ, ಗೇರುಗಳನ್ನು ಹೊಂದಿಸಿಕೊಳ್ಳಿ. ಇನ್ನೊಂದು ಹ್ಯಾಂಗರನ್ನು ಸೀಟಿನ ಚೀಲದಲ್ಲಿ ಇಟ್ಟುಕೊಂಡಿರಿ.