ಆಟದ ಮೇಜು: ಲಂಡನ್ನಿನಿಂದ ಸೈನ್ಯ ತರಿಸುವವರಿಗೆ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಇತಿಹಾಸದ ಯುದ್ಧಗಳನ್ನು ಮೇಜಿನ ಮೇಲೆ ಆಡುವ ವಾರ್‌ಗೇಮ್ ಬಗ್ಗೆ. ಸಣ್ಣ ಸೈನಿಕ ಬೊಂಬೆಗಳು, ದಾಳ, ಅಳತೆ ಟೇಪು, ಒಂದು ರೂಲ್‌ಬುಕ್. ಸಾಮಾನು ಇಷ್ಟೇ. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವ ನನಗೆ ಇದು ತುಂಬಾ ಇಷ್ಟದ ಆಟ. ಹಾಗಾಗಿ ಸಂಪಾದಕರ ಒಪ್ಪಿಗೆ ಪಡೆದು ಈ ಸಂಚಿಕೆಯ ಜಾಗವನ್ನೆಲ್ಲ ಇದಕ್ಕೇ ಕೊಟ್ಟಿದ್ದೇನೆ.

ಮಾಸ್ತರರೇ, ಮಗ ಲಂಡನ್ನಿನಲ್ಲಿ ಕೆಲಸದಲ್ಲಿದ್ದಾನೆ. ಏಪ್ರಿಲ್‌ನಲ್ಲಿ ಅಲ್ಲಿ ‘ಸಲ್ಯೂಟ್’ ಅಂತ ದೊಡ್ಡ ವಾರ್‌ಗೇಮ್ ಶೋ ಇದೆಯಂತೆ. ‘ಅಪ್ಪಾ, ಏನು ತರಲಿ, ಪಟ್ಟಿ ಕಳಿಸು’ ಅಂದಿದ್ದಾನೆ. ಮೇ ತಿಂಗಳಲ್ಲಿ ಊರಿಗೆ ಬರುತ್ತಾನೆ. ನನಗೆ ಫಿರೋಜ್ ಶಾ ಬಹಮನಿಯ ಕಾಲದ ಯುದ್ಧ ಆಡುವ ಆಸೆ. ಯಾವ ಬೊಂಬೆ, ಯಾವ ರೂಲ್ಸ್ ಬರೆಯಲಿ?
ನಿವೃತ್ತ ಬ್ಯಾಂಕ್ ನೌಕರರು, ಜೇವರ್ಗಿ ರಸ್ತೆ, ಕಲಬುರಗಿ

ಅಣ್ಣಾವ್ರೇ, ಪಟ್ಟಿಯಲ್ಲಿ ಮೊದಲು ರೂಲ್‌ಬುಕ್ ಬರೆಯಿರಿ, ಬೊಂಬೆ ಆಮೇಲೆ. ಯಾವ ರೂಲ್ಸ್ ಆಡುತ್ತೀರಿ ಅಂತ ತೀರ್ಮಾನ ಆಗದೆ ಎಷ್ಟು ಬೊಂಬೆ ಬೇಕು, ಎಷ್ಟೆತ್ತರದವು ಬೇಕು, ಒಂದು ಬೇಸಿನ (ಬೊಂಬೆ ನಿಲ್ಲಿಸುವ ಪುಟ್ಟ ಹಲಗೆಯ) ಮೇಲೆ ಎಷ್ಟು ಜನರನ್ನು ಅಂಟಿಸಬೇಕು, ಯಾವುದೂ ಗೊತ್ತಾಗುವುದಿಲ್ಲ.

ನಿಮ್ಮ ಆಸೆಗೆ ಸರಿಹೋಗುವುದು ಡಿಬಿಎ. ಪೂರ್ತಿ ಹೆಸರು ‘ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್’. ಇಂಗ್ಲೆಂಡಿನ ವಾರ್‌ಗೇಮ್ಸ್ ರಿಸರ್ಚ್ ಗ್ರೂಪ್ 1990ರಲ್ಲಿ ಇದನ್ನು ಹೊರತಂದಿತು. ಒಂದೊಂದು ಕಡೆಗೆ 12 ತುಕಡಿ, ಅಷ್ಟೇ. 15 ಮಿ.ಮೀ. ಬೊಂಬೆಗಳಾದರೆ ಪ್ರತಿ ತುಕಡಿಯ ಬೇಸು 40 ಮಿ.ಮೀ. ಅಗಲ. ಕುದುರೆ ದಳವಾದರೆ ಅದರ ಮೇಲೆ ಮೂವರು ಸವಾರರು, ಆನೆಯಾದರೆ ಒಂದೇ ಆನೆ. ನಿಮ್ಮ ಸರದಿ ಬಂದಾಗ ದಾಳ ಹಾಕುತ್ತೀರಿ. ಎಷ್ಟು ಬಿತ್ತೋ ಅಷ್ಟು ಸಲ ತುಕಡಿಗಳನ್ನು ನಡೆಸಬಹುದು. ಒಂದು ಬಿದ್ದರೆ ಎಡಗಡೆ ಆನೆ ಮುಂದೆ ಹೋಗಬೇಕೋ, ಬಲಗಡೆ ಕುದುರೆ ಹಿಂದೆ ಸರಿಯಬೇಕೋ, ನೀವೇ ಆರಿಸಬೇಕು. ಸೇನಾಪತಿಯ ಕಷ್ಟ ಇಲ್ಲೇ ಅರ್ಥವಾಗುತ್ತದೆ. ನಾಲ್ಕು ತುಕಡಿ ಕಳೆದುಕೊಂಡು, ಅದು ಎದುರಾಳಿ ಕಳೆದುಕೊಂಡಿದ್ದಕ್ಕಿಂತ ಜಾಸ್ತಿ ಇದ್ದರೆ ಸೋಲು. ಎರಡಡಿ ಚೌಕದ ಪ್ಲೈವುಡ್ ಸಾಕು. ಆಟ ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಮುಗಿಯುತ್ತದೆ. ರಾತ್ರಿ ಊಟಕ್ಕೆ ಮೊದಲು ಎರಡು ಆಟ ಆಡಬಹುದು.

ಡಿಬಿಎ ಸುಮಾರು ಕ್ರಿ.ಶ. 1500ರವರೆಗಿನ ಸೈನ್ಯಗಳಿಗೆ ಮಾಡಿದ ರೂಲ್ಸ್. ಫಿರೋಜ್ ಶಾ ಆಳಿದ್ದು 1397ರಿಂದ 1422ರವರೆಗೆ. ನಿಮಗೆ ಸರಿಯಾಗಿ ಕೂಡುತ್ತದೆ. ಈಗ ನಡೆಯುತ್ತಿರುವುದು 2014ರ ಮೂರನೇ ಆವೃತ್ತಿ. ಮಗನಿಗೆ ಅದನ್ನೇ ಕೇಳಲು ಹೇಳಿ. ಶೋಗಳಲ್ಲಿ ಹಳೆಯ ಪ್ರತಿಗಳೂ ಮಾರಾಟಕ್ಕೆ ಬರುತ್ತವೆ. ಎದುರಿಗೆ ಕೂತವರ ಹತ್ತಿರ ಒಂದು ಆವೃತ್ತಿ, ನಿಮ್ಮ ಹತ್ತಿರ ಇನ್ನೊಂದು ಇದ್ದರೆ ಆಟಕ್ಕಿಂತ ವಾದವೇ ಜಾಸ್ತಿ ಆಗುತ್ತದೆ.

ಪುಸ್ತಕವನ್ನು ಶೋಗೆ ಮೊದಲೇ ತರಿಸಿಕೊಂಡರೆ ಇನ್ನೂ ಛಲೋ. ಹಳೆಯ ರಟ್ಟಿನ ಡಬ್ಬಿಯನ್ನು 40 ಮಿ.ಮೀ. ಅಗಲಕ್ಕೆ ಕತ್ತರಿಸಿ, ಮೇಲೆ ‘ಆನೆ’, ‘ಕುದುರೆ’, ‘ಬಿಲ್ಲುಗಾರರು’ ಅಂತ ಬರೆದು ಆಡಿ. ಮನೆಯಲ್ಲಿ ಯಾರಾದರೂ ಎದುರಾಳಿ ಸಿಕ್ಕೇ ಸಿಗುತ್ತಾರೆ. ರಟ್ಟಿನಲ್ಲೇ ಆಟ ಹಿಡಿಸಿದರೆ ಆಗ ಬೊಂಬೆಗೆ ದುಡ್ಡು ಹಾಕಿ. ಒಂದು ಪೌಂಡಿಗೆ ನೂರು ರೂಪಾಯಿಗೂ ಮೇಲೆ ಆಗುತ್ತದೆ ಅನ್ನುವುದು ಬ್ಯಾಂಕಿನವರಾದ ನಿಮಗೆ ನಾನು ಹೇಳಬೇಕಾಗಿಲ್ಲ.

ಈಗ ಬೊಂಬೆ. 28 ಮಿ.ಮೀ. ಸೈನಿಕರು ನೋಡಲು ಬಹಳ ಚಂದ. ಶೋದಲ್ಲಿ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಆದರೆ ಅವಕ್ಕೆ ದೊಡ್ಡ ಮೇಜು ಬೇಕು, ಬಣ್ಣ ಹಚ್ಚಲು ಜಾಸ್ತಿ ಹೊತ್ತು ಬೇಕು. ನೀವು 15 ಮಿ.ಮೀ. ತಗೊಳ್ಳಿ. 12 ತುಕಡಿಗೆ ಮೂವತ್ತು–ನಲವತ್ತು ಬೊಂಬೆ ಆಗುತ್ತದೆ. ಎರಡೂ ಕಡೆಯ ಸೈನ್ಯ ಒಂದು ಟಿಫಿನ್ ಡಬ್ಬಿಯಲ್ಲಿ ಹಿಡಿಯುತ್ತದೆ.

ಎರಡೂ ಕಡೆ ಅಂದೆ, ಗಮನಿಸಿ. ಬಹಮನಿ ಸೈನ್ಯ ಒಂದನ್ನೇ ತರಿಸಿದರೆ ಕಲಬುರಗಿಯಲ್ಲಿ ವಿಜಯನಗರದ ಸೈನ್ಯ ಇಟ್ಟುಕೊಂಡವರನ್ನು ಎಲ್ಲಿ ಹುಡುಕುತ್ತೀರಿ? ಲಂಡನ್ನಿನಲ್ಲಿ ಕ್ಲಬ್ಬುಗಳಿವೆ, ಒಬ್ಬೊಬ್ಬರು ಒಂದೊಂದು ಸೈನ್ಯ ತರುತ್ತಾರೆ. ನಮ್ಮಲ್ಲಿ ಎರಡನ್ನೂ ನಾವೇ ಇಟ್ಟುಕೊಂಡು ಎದುರಾಳಿಯನ್ನು ಕರೆಯಬೇಕು.

ಇಲ್ಲಿ ನಮ್ಮ ಇತಿಹಾಸವೇ ಖರ್ಚು ಉಳಿಸುತ್ತದೆ. ಬಹಮನಿ ಸುಲ್ತಾನರ ಹತ್ತಿರ ಇರಾನ್, ಮಧ್ಯ ಏಷ್ಯಾದಿಂದ ಬಂದ ಆಫಾಕಿಗಳು ಬಹಳ ಜನ ಇದ್ದರು. ಆದ್ದರಿಂದ ಅಂಗಡಿಯವರು ತೈಮೂರಿ ಅಥವಾ ಪರ್ಷಿಯಾದ ಸವಾರರು ಅಂತ ಮಾರುವ ಬೊಂಬೆಗಳು ಇಲ್ಲಿ ನಡೆಯುತ್ತವೆ. ಇನ್ನೊಂದು ಕಡೆ, ಫಿರೋಜ್ ಶಾನ ನಂತರದ ದಿನಗಳಲ್ಲಿ ವಿಜಯನಗರದ ಇಮ್ಮಡಿ ದೇವರಾಯ ತನ್ನ ಸೈನ್ಯಕ್ಕೆ ಮುಸ್ಲಿಂ ಸವಾರರನ್ನೂ ಬಿಲ್ಲುಗಾರರನ್ನೂ ಸೇರಿಸಿಕೊಂಡ. ಅದೇ ಸವಾರರ ಪ್ಯಾಕೆಟ್ ಎರಡೂ ಸೈನ್ಯಕ್ಕೆ ಆಗುತ್ತದೆ. ಆನೆಗಳೂ ಎರಡೂ ಕಡೆ ಇದ್ದವು. ‘ಒಂದು ಕಡೆ ಒಂದೇ ಧರ್ಮದವರು, ಇನ್ನೊಂದು ಕಡೆ ಇನ್ನೊಂದು ಧರ್ಮದವರು’ ಅಂತ ತಿಳಿದು ಬೊಂಬೆ ಆರಿಸಿದರೆ ದುಡ್ಡೂ ಹೋಗುತ್ತದೆ, ಇತಿಹಾಸವೂ ತಪ್ಪಾಗುತ್ತದೆ. ಈ ಮಾತನ್ನು ನಾನು ತರಗತಿಯಲ್ಲೂ ಹೇಳುತ್ತೇನೆ, ಇಲ್ಲೂ ಹೇಳುತ್ತಿದ್ದೇನೆ.

ಶೋ ವಿಷಯ. ಸಲ್ಯೂಟ್ ನಡೆಸುವವರು ಸೌತ್ ಲಂಡನ್ ವಾರ್‌ಲಾರ್ಡ್ಸ್ ಅನ್ನುವ ಕ್ಲಬ್. ಪೂರ್ವ ಲಂಡನ್ನಿನ ಎಕ್ಸೆಲ್ ಅನ್ನುವ ದೊಡ್ಡ ಸಭಾಂಗಣದಲ್ಲಿ ಒಂದೇ ದಿನ ನಡೆಯುತ್ತದೆ. ಮಗಳ ಮನೆಗೆ ಹೋಗಿದ್ದಾಗ ನಾನೂ ನೋಡಿ ಬಂದಿದ್ದೇನೆ. ಅಂಗಡಿ ಸಾಲುಗಳ ನಡುವೆ ಕ್ಲಬ್ಬಿನವರು ಆಡಿ ತೋರಿಸುವ ಮೇಜುಗಳಿರುತ್ತವೆ. ಕೆಲವು ಸುಮ್ನೆ ನೋಡಲು, ಕೆಲವು ಯಾರು ಬೇಕಾದರೂ ಕೂತು ಆಡಲು. ಮಗ ಮೊದಲ ಸುತ್ತಿನಲ್ಲಿ ಏನೂ ಕೊಳ್ಳದೆ ಆ ಮೇಜುಗಳನ್ನು ನೋಡಲಿ. ‘ಈ ಕುದುರೆ ಯಾರದ್ದು, ಈ ಬಣ್ಣ ಯಾವುದು’ ಅಂತ ಕೇಳಲಿ. ನಾನು ಕೇಳಿದ ಒಬ್ಬ ಹಿರಿಯರು ಆಟ ನಿಲ್ಲಿಸಿ, ಬೊಂಬೆ ಕೈಗೆ ಕೊಟ್ಟು, ಆನೆಯ ಚರ್ಮಕ್ಕೆ ಬೂದು ಬಣ್ಣದ ಮೇಲೆ ಸ್ವಲ್ಪ ಕಂದು ಹೇಗೆ ಒರೆಸಬೇಕು ಅಂತ ತೋರಿಸಿದರು. ಆ ಅಕ್ಕರೆ ನನಗೆ ಇವತ್ತಿಗೂ ನೆನಪಿದೆ.

ಇನ್ನೊಂದು ಮುಖ್ಯ ಮಾತು. ಅಂಗಡಿಯವರು ತಮ್ಮ ಎಲ್ಲ ಮಾಲನ್ನೂ ಶೋಗೆ ಹೊತ್ತು ತರುವುದಿಲ್ಲ. ರೋಮನ್ನರು, ನೆಪೋಲಿಯನ್ನನ ಸೈನಿಕರು ರಾಶಿ ಇರುತ್ತಾರೆ. ಭಾರತದ ಆನೆ ಕೇಳುವವರು ಕಡಿಮೆ, ಹಾಗಾಗಿ ಅದು ಗೋದಾಮಿನಲ್ಲೇ ಉಳಿಯುವ ಸಂಭವ ಜಾಸ್ತಿ. ಎರಡು–ಮೂರು ವಾರ ಮೊದಲೇ ಆರ್ಡರ್ ಕೊಟ್ಟು ‘ಶೋದಲ್ಲಿ ತಗೊಳ್ತೇನೆ’ ಅಂತ ಹೇಳುವ ಪದ್ಧತಿ ಅಲ್ಲಿದೆ. ಅಂಚೆ ಖರ್ಚೂ ಉಳಿಯುತ್ತದೆ. ಪ್ಯಾಕೆಟ್ ಕೈಗೆ ಬಂದ ಮೇಲೆ ಎಣಿಸಲಿ. ಕುದುರೆಗೂ ಸವಾರನಿಗೂ ಲೆಕ್ಕ ಕೂಡಬೇಕು. ಈಟಿಗಳು ಬೇರೆಯಾಗಿ ಬರುತ್ತವೆಯೋ, ಇಲ್ಲವೋ ಕೇಳಲಿ.

ಬಿಲ್ ಇಟ್ಟುಕೊಂಡು ಬರಲಿ. ಸ್ಪ್ರೇ ಬಣ್ಣದ ಡಬ್ಬಿ ಮಾತ್ರ ಬೇಡ, ವಿಮಾನದಲ್ಲಿ ಬಿಡುವುದಿಲ್ಲ. ಕತ್ತರಿಸುವ ಚಾಕು ತಂದರೆ ಕೈಚೀಲದಲ್ಲಿ ಇಡಬಾರದು, ದೊಡ್ಡ ಬ್ಯಾಗಿನಲ್ಲಿ ಹಾಕಬೇಕು.

ಸರ್, ಬಣ್ಣಕ್ಕೆ ಮೊದಲು ಬೊಂಬೆಗೆ ಹಚ್ಚುವ ಪ್ರೈಮರ್ ಸ್ಪ್ರೇ ಹೊಡೆದರೆ ಮೈಯೆಲ್ಲ ಮರಳು ಅಂಟಿದ ಹಾಗೆ ಒರಟಾಗುತ್ತದೆ. ಡಬ್ಬಿಯೇ ಕೆಟ್ಟಿದೆಯಾ?
ಇಂಜಿನಿಯರಿಂಗ್ ವಿದ್ಯಾರ್ಥಿ, ಸೇಡಂ

ಡಬ್ಬಿ ಸರಿಯಾಗೇ ಇರಬಹುದು ತಮ್ಮಾ, ನಮ್ಮ ಬಿಸಿಲು ನೋಡು. ಏಪ್ರಿಲ್–ಮೇನಲ್ಲಿ ನಮ್ಮ ಕಡೆ 42 ಡಿಗ್ರಿ ದಾಟುತ್ತದೆ. ಮಧ್ಯಾಹ್ನ ಮಾಳಿಗೆ ಮೇಲೆ ನಿಂತು ಹೊಡೆದರೆ ಬಣ್ಣ ಬೊಂಬೆ ಮುಟ್ಟುವ ಮೊದಲೇ ಗಾಳಿಯಲ್ಲಿ ಒಣಗಿ ಪುಡಿಯಾಗುತ್ತದೆ. ಬೆಳಿಗ್ಗೆ ಆರಕ್ಕೆ, ಗಾಳಿ ಇಲ್ಲದ ಕಡೆ, ಸ್ವಲ್ಪ ಹತ್ತಿರದಿಂದ ತೆಳುವಾಗಿ ಹೊಡಿ. ಬ್ರಷ್‌ನಲ್ಲಿ ಹಚ್ಚುವ ಪ್ರೈಮರ್ ಸಿಕ್ಕರೆ ಬೇಸಿಗೆಯಲ್ಲಿ ಅದೇ ಒಳ್ಳೆಯದು. ಅಕ್ರಿಲಿಕ್ ಬಣ್ಣ ತಟ್ಟೆಯಲ್ಲೇ ಒಣಗಿ ಹೋಗುತ್ತದಲ್ವಾ? ಮುಚ್ಚಳ ಇರುವ ಸ್ಟೀಲ್ ಡಬ್ಬಿಯಲ್ಲಿ ಒದ್ದೆ ಬಟ್ಟೆ ಹಾಸಿ, ಮೇಲೆ ಬಟರ್ ಪೇಪರ್ ಇಟ್ಟು, ಅದರ ಮೇಲೆ ಬಣ್ಣ ಹಾಕಿಕೋ. ಮುಚ್ಚಿಟ್ಟರೆ ಮರುದಿನವೂ ಹಸಿಯಾಗೇ ಇರುತ್ತದೆ. ಮಳೆಗಾಲದಲ್ಲಿ ಬೇರೆ ತೊಂದರೆ. ತೇವ ಇರುವ ದಿನ ವಾರ್ನಿಷ್ ಸ್ಪ್ರೇ ಹೊಡೆದರೆ ಬಿಳಿ ಮಂಜು ಕೂರುತ್ತದೆ. ಒಣ ಹವೆ ಬರುವ ತನಕ ಕಾಯಿ.

ಬೊಂಬೆಯ ಸಂದಿ ತುಂಬಲು ವಿದೇಶದ ಪುಟ್ಟಿ ಬೇಕೇ ಬೇಕು ಅಂತಿಲ್ಲ. ಹಾರ್ಡ್‌ವೇರ್ ಅಂಗಡಿಯ ಎಂ-ಸೀಲ್ ಸಾಕು.

ಮಗ ಹತ್ತನೇ ತರಗತಿ. ಅವನ ಮಾಮ ಇಂಗ್ಲೆಂಡಿನಿಂದ ಹಳೆಯ ಲೋಹದ ಸೈನಿಕರನ್ನು ತಂದುಕೊಟ್ಟಿದ್ದಾನೆ. ಇದು ಮಕ್ಕಳಾಟವೋ, ಹುಚ್ಚೋ ಗೊತ್ತಾಗುತ್ತಿಲ್ಲ. ಓದು ಹಾಳಾಗುತ್ತದೆ ಅನ್ನುವ ಭಯ.
ಒಬ್ಬ ತಾಯಿ, ಹುಮನಾಬಾದ್

ಅಕ್ಕಾವ್ರೇ, 1824ರಲ್ಲಿ ಪ್ರಷ್ಯಾದ ಸೇನೆಯ ದೊಡ್ಡ ಅಧಿಕಾರಿಗಳು ಇಂಥ ಆಟವನ್ನು ನೋಡಿ, ತಮ್ಮ ಅಧಿಕಾರಿಗಳ ತರಬೇತಿಗೆ ತಗೊಂಡರು. ರೈಸ್ವಿಟ್ಜ್ ಅನ್ನುವ ಲೆಫ್ಟಿನೆಂಟ್ ಅದನ್ನು ರೂಪಿಸಿದ್ದ. ನಕ್ಷೆ ಓದುವುದು, ದೂರ ಅಳೆಯುವುದು, ಕೈಯಲ್ಲಿರುವ ಸೈನ್ಯವನ್ನು ಲೆಕ್ಕ ಹಾಕಿ ಬಳಸುವುದು, ಎಲ್ಲ ಅದರಲ್ಲಿತ್ತು. ನಿಮ್ಮ ಮಗ ಒಂದು ಯುದ್ಧ ಆಡಬೇಕಾದರೆ ಮೊದಲು ಅದರ ಬಗ್ಗೆ ಓದಬೇಕು. ಪರೀಕ್ಷೆ ಮುಗಿಯುವವರೆಗೆ ರವಿವಾರ ಮಾತ್ರ ಅಂತ ಮಾಡಿ. ಸಾಕು.

ನಾನು ನಿಜವಾಗಿ ಚಿಂತೆ ಮಾಡುವುದು ಬೇರೆ ವಿಷಯಕ್ಕೆ. ಹಳೆಯ ಲೋಹದ ಬೊಂಬೆಗಳಲ್ಲಿ ಸೀಸ ಇರುತ್ತದೆ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಲೇಬೇಕು. ಉಜ್ಜುವಾಗ ಪುಡಿ ಹಾರದಂತೆ ನೀರು ಹಚ್ಚಿ ಉಜ್ಜಲಿ, ಬಾಯಿಗೆ ಮಾಸ್ಕ್ ಇರಲಿ. ಆ ಕೆಲಸ ಊಟದ ತಟ್ಟೆ ಇಡುವ ಜಾಗದಲ್ಲಿ ಬೇಡ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಡಬ್ಬಿ ಬೀರುವಿನ ಮೇಲಿನ ಅರೆಯಲ್ಲಿರಲಿ.

ನಾವು ಬೀದರಿನ ಗೆಳೆಯರು ಸೇರಿ 1565ರ ತಾಳಿಕೋಟೆ ಯುದ್ಧ ಆಡಬೇಕು ಅಂತಿದ್ದೇವೆ. ನಮ್ಮ ಬರೀದ್ ಶಾಹಿಯೂ ಅದರಲ್ಲಿತ್ತಲ್ಲ. ಡಿಬಿಎ ತರಿಸಿದರೆ ಆಗುತ್ತದಾ?
ಗೆಳೆಯರ ಬಳಗ, ಬೀದರ್

ಆಗುವುದಿಲ್ಲ. 1565 ಡಿಬಿಎಯ ಕಾಲ ದಾಟಿದ ಯುದ್ಧ. ಅಲ್ಲಿ ತೋಪುಗಳೇ ದೊಡ್ಡ ಪಾತ್ರ ವಹಿಸಿದವು. ಈಗ ವಿಜಯಪುರದಲ್ಲಿರುವ ಮಲಿಕ್-ಎ-ಮೈದಾನ್ ತೋಪು 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು ಅನ್ನುವುದು ನೆನಪಿರಲಿ. ನಿಮಗೆ ಹದಿನಾರು–ಹದಿನೇಳನೇ ಶತಮಾನಕ್ಕೆ ಬರೆದ ರೂಲ್ಸ್ ಬೇಕು. ‘ಪೈಕ್ ಅಂಡ್ ಶಾಟ್’ ಅಂತ ನಾಟಿಂಗ್‌ಹ್ಯಾಮಿನ ವಾರ್‌ಲಾರ್ಡ್ ಗೇಮ್ಸ್ 2012ರಲ್ಲಿ ತಂದ ಪುಸ್ತಕ ಒಂದಿದೆ. ಅದು ಯುರೋಪಿನ ಯುದ್ಧಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಆನೆಗೆ, ನಮ್ಮ ಕುದುರೆ ದಳಕ್ಕೆ ಅಂಕಗಳನ್ನು ನೀವೇ ಕೂತು ಹೊಂದಿಸಿಕೊಳ್ಳಬೇಕಾಗುತ್ತದೆ. ಬಳಗ ಇದೆಯಲ್ಲ, ಆ ಚರ್ಚೆಯೇ ಅರ್ಧ ಸಂತೋಷ.

ಬೊಂಬೆ 6 ಮಿ.ಮೀ. ತಗೊಳ್ಳಿ. ರಾಮರಾಯನ ಸೈನ್ಯ ಒಂದು ಕಡೆ, ವಿಜಯಪುರ, ಅಹಮದ್‌ನಗರ, ಗೋಲ್ಕೊಂಡ, ಬೀದರ್ ಇನ್ನೊಂದು ಕಡೆ. ಅಷ್ಟು ದೊಡ್ಡ ಯುದ್ಧ 28 ಮಿ.ಮೀ.ನಲ್ಲಿ ಇಟ್ಟರೆ ನಲವತ್ತು ಬೊಂಬೆಯ ಗುಂಪೊಂದು ದರೋಡೆ ಗುಂಪಿನ ಹಾಗೆ ಕಾಣುತ್ತದೆ. 6 ಮಿ.ಮೀ.ನಲ್ಲಿ ಸಾಲು ಸಾಲು ಜನ, ನಿಜವಾದ ಸೈನ್ಯದ ಭಾವನೆ ಬರುತ್ತದೆ. ಶೆಫೀಲ್ಡಿನ ಬ್ಯಾಕಸ್ ಈ ಅಳತೆಯಲ್ಲಿ ಹೆಸರು ಮಾಡಿದ ತಯಾರಕರು. ನಾಲ್ವರು ಸುಲ್ತಾನರನ್ನು ನಾಲ್ವರು ಆಡಿ. ಪ್ರತಿಯೊಬ್ಬರೂ ತಮ್ಮ ಸೈನ್ಯ ಉಳಿಸಿಕೊಳ್ಳಲು ನೋಡಿದರೆ ರಾಮರಾಯನ ಪಾತ್ರದವರಿಗೆ ಗೆಲ್ಲುವ ದಾರಿ ತೆರೆಯುತ್ತದೆ.

ಸುರಪುರದ ಬೇಡ ನಾಯಕರ ವಾಗಿನಗೇರಿ ಯುದ್ಧವನ್ನು ಆಡಲು ಬರುತ್ತದೆಯೇ? ನಮ್ಮ ಹತ್ತಿರ ದುಡ್ಡು ಕಡಿಮೆ, ಉತ್ಸಾಹ ಜಾಸ್ತಿ.
ಶಿಕ್ಷಕರು, ಶಹಾಪುರ, ಯಾದಗಿರಿ ಜಿಲ್ಲೆ

ಖಂಡಿತ ಬರುತ್ತದೆ, ಮತ್ತು ಆಡಲೇಬೇಕು! 1705ರಲ್ಲಿ ಔರಂಗಜೇಬ್ ತಾನೇ ಬಂದು ಮುತ್ತಿಗೆ ಹಾಕಿದ ಕೋಟೆ ಅದು. ಅವನ ಕೊನೆಯ ದೊಡ್ಡ ಮುತ್ತಿಗೆ. ಬೇಡರ ಬಂದೂಕಿನ ಗುರಿಗೆ ಮೊಗಲ್ ಸೈನ್ಯ ತಿಂಗಳುಗಟ್ಟಲೆ ಕಷ್ಟಪಟ್ಟಿತು. ಇಡೀ ಮುತ್ತಿಗೆ ಬೇಡ. ಒಂದು ಗುಡ್ಡ ಹಿಡಿಯುವ ಒಂದು ಬೆಳಗಿನ ಹೋರಾಟ ಆರಿಸಿಕೊಳ್ಳಿ. ಒಂದೊಂದು ಕಡೆಗೆ ಇಪ್ಪತ್ತು–ಮೂವತ್ತು ಬೊಂಬೆ ಸಾಕು. ಇಂಥ ಸಣ್ಣ ಕಾಳಗಕ್ಕೆ 1/72 ಅಳತೆಯ (ನಿಜವಾದ ಮನುಷ್ಯನ ಎತ್ತರದ 72ರಲ್ಲಿ ಒಂದು ಪಾಲು) ಪ್ಲಾಸ್ಟಿಕ್ ಸೈನಿಕರು ಅಗ್ಗದ ದಾರಿ. ಮೆತ್ತನೆಯ ಪ್ಲಾಸ್ಟಿಕ್ ಆದ್ದರಿಂದ ಬಣ್ಣ ಕಿತ್ತು ಬರುತ್ತದೆ. ಮೊದಲು ಸೋಪು ನೀರಿನಲ್ಲಿ ತೊಳೆದು, ಒಣಗಿಸಿ, ತೆಳು ಫೆವಿಕಾಲ್ ನೀರು ಹಚ್ಚಿ, ಆಮೇಲೆ ಬಣ್ಣ ಹಚ್ಚಿ.

ಶೋಗಳಲ್ಲಿ ಗುಡ್ಡ, ಮರ ಎಲ್ಲ ಮಾರುತ್ತಾರೆ. ನೀವು ಒಂದನ್ನೂ ಕೊಳ್ಳಬೇಡಿ. ಅವು ಇಂಗ್ಲೆಂಡಿನ ಹಸಿರು ಹೊಲಗಳು, ನಮ್ಮ ಕಡೆಯ ನೆಲ ಹಾಗಿಲ್ಲ. ಥರ್ಮಾಕೋಲ್ ಕತ್ತರಿಸಿ ಗುಡ್ಡ ಮಾಡಿ, ಅದರ ಬದಿಗೆ ಶಹಾಬಾದ್ ಫರಸಿಯ ಚೂರುಗಳನ್ನು ಅಂಟಿಸಿ. ಹೊಲದ ಕರಿಮಣ್ಣನ್ನು ಒಣಗಿಸಿ ಜರಡಿ ಹಿಡಿದು ಫೆವಿಕಾಲ್ ಮೇಲೆ ಉದುರಿಸಿ. ಒಣಗಿದ ತೊಗರಿ ಗಿಡದ ಸಣ್ಣ ಕವಲುಗಳು ಜಾಲಿ ಮರಕ್ಕೆ ಸರಿಹೋಗುತ್ತವೆ. ರಾಶಿ ಮುಗಿದ ಮೇಲೆ ಯಾವ ಹೊಲದಲ್ಲಾದರೂ ಕೇಳಿದರೆ ಕೊಡುತ್ತಾರೆ. ಹುಳ ಬೀಳದಂತೆ ಎರಡು ದಿನ ಬಿಸಿಲಿಗೆ ಹಾಕಿ ಆಮೇಲೆ ಬಳಸಿ.