ಹಾರ್ಡ್ ಡಿಸ್ಕಿಗೆ ಒಮ್ಮೆ ಇ, ಇನ್ನೊಮ್ಮೆ ಎಫ್ ಅಕ್ಷರ ಬರುವುದು ಯಾಕೆ?
ಡೊಂಬಿವಲಿಯ ನಿಮ್ಮ ಕನ್ನಡ ಸಂಘದ ನಾಟಕದ ವಿಡಿಯೊಗಳಿರುವ ಎಕ್ಸ್‌ಟರ್ನಲ್ ಡಿಸ್ಕ್ ಒಮ್ಮೆ ಇ, ಇನ್ನೊಮ್ಮೆ ಎಫ್ ಆಗಿ ಶಾರ್ಟ್‌ಕಟ್‌ಗಳು ಕೆಲಸ ಮಾಡುವುದಿಲ್ಲ ಅಂದಿದ್ದೀರಿ. ಅಷ್ಟಕ್ಕೇ ಡಿಸ್ಕ್ ಕೆಟ್ಟಿದೆ ಅಂತ ಗಾಬರಿ ಬೇಡ.

ಅಕ್ಷರ ಬರೆದಿರುವುದು ಡಿಸ್ಕಿನಲ್ಲಲ್ಲ, ಆಯಾ ಕಂಪ್ಯೂಟರಿನ ವಿಂಡೋಸ್ ರಿಜಿಸ್ಟ್ರಿಯಲ್ಲಿ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಕಡತದಲ್ಲಿ. ಅಲ್ಲಿ 'ಮೌಂಟೆಡ್ ಡಿವೈಸಸ್' ಅನ್ನುವ ಜಾಗದಲ್ಲಿ ಪ್ರತಿ ಪಾರ್ಟಿಷನ್ನಿನ (ಡಿಸ್ಕಿನ ಒಂದು ಭಾಗ) ಗುರುತಿನ ಜೊತೆ ಅದರ ಅಕ್ಷರವೂ ಇರುತ್ತದೆ. ಹಾಗಾಗಿ ಕಂಪ್ಯೂಟರ್ ಬದಲಾದರೆ ಅಕ್ಷರವೂ ಬದಲಾಗಬಹುದು. ಹೊಸ ಡಿಸ್ಕಿಗೆ ಸಾಮಾನ್ಯವಾಗಿ ಸಿ ನಂತರ ಖಾಲಿ ಇರುವ ಮೊದಲ ಅಕ್ಷರ ಸಿಗುತ್ತದೆ. ನಿಮ್ಮ ಡಿಸ್ಕ್ ಇಲ್ಲದಾಗ ಯಾರೋ ಪೆನ್ ಡ್ರೈವ್ ಹಾಕಿದರೆ ಇ ಅದರ ಪಾಲು. ಲೋಕಲ್ ರೈಲಿನಲ್ಲಿ ಎದ್ದವರ ಸೀಟು ಹೋದ ಹಾಗೆ!

ಎ, ಬಿ ಎಲ್ಲಿ ಹೋದವು ಅಂತಲೂ ಕೇಳಿದ್ದೀರಿ ಅಲ್ವಾ? ಅವು ಫ್ಲಾಪಿಗೆ, ಅಂದರೆ ಹಳೆಯ ಕಾಲದ ತೆಗೆದು ಹಾಕುವ ತೆಳು ಡಿಸ್ಕಿಗೆ, ಮೀಸಲಾಗಿದ್ದವು. 1983ರ ಐಬಿಎಂ ಪಿಸಿ ಎಕ್ಸ್‌ಟಿಯಲ್ಲಿ ಹಾರ್ಡ್ ಡಿಸ್ಕ್ ಬಂದಾಗ ಅದಕ್ಕೆ ಸಿ ಸಿಕ್ಕಿತು. ಫ್ಲಾಪಿ ಹೋದರೂ ಆ ರೂಢಿ ಹೋಗಲಿಲ್ಲ.

ಪರಿಹಾರ ಸುಲಭ. ಡಿಸ್ಕ್ ಸಿಕ್ಕಿಸಿ, ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ, ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಡಿಸ್ಕಿನ ಪಾರ್ಟಿಷನ್ ಮೇಲೆ ರೈಟ್ ಕ್ಲಿಕ್ ಮಾಡಿ, ಡ್ರೈವ್ ಲೆಟರ್ ಬದಲಿಸುವ ಆಯ್ಕೆಯಲ್ಲಿ ಆರ್ ಅಥವಾ ಟಿ ಕೊಡಿ. ಅಷ್ಟು ದೂರದ ಅಕ್ಷರಕ್ಕೆ ಪೆನ್ ಡ್ರೈವ್‌ಗಳು ಬರುವುದು ಅಪರೂಪ. ಸಿ ಮಾತ್ರ ಮುಟ್ಟಬೇಡಿ. ಶಾರ್ಟ್‌ಕಟ್‌ಗಳನ್ನು ಹೊಸ ಅಕ್ಷರಕ್ಕೆ ಒಮ್ಮೆ ಮತ್ತೆ ಮಾಡಿಕೊಳ್ಳಬೇಕು.

ಲಿನಕ್ಸ್, ಮ್ಯಾಕ್‌ಗಳಲ್ಲಿ ಈ ಅಕ್ಷರಗಳೇ ಇಲ್ಲ. ಅಲ್ಲಿ ಡಿಸ್ಕ್ ಒಂದು ಫೋಲ್ಡರಿನಂತೆ ಕಾಣಿಸುತ್ತದೆ.